ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುನ್ನ: ಖರೀದಿಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಚೇರಿ, ಶಾಲೆ, ಕಾಲೇಜು, ಗ್ರಂಥಾಲಯ, ಇಂಥ ಕಡೆಗಳಲ್ಲಿ ಕಂಪ್ಯೂಟರ್ ಖರೀದಿಗೆ ಕೊನೆಯ ಸಹಿ ಹಾಕುವವರು ನೀವು. ಈಚೆಗೆ ನಿಮ್ಮ ಮೇಜಿಗೆ ಒಂದು ಕಡತ ಬಂದಿರಬಹುದು. ವಿಂಡೋಸ್ 10ರ ಬೆಂಬಲ ಮುಗಿದಿದೆ, ನಮ್ಮ ಯಂತ್ರಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಆದ್ದರಿಂದ ಎಲ್ಲವನ್ನೂ ವಿಲೇವಾರಿ ಮಾಡಿ ಹೊಸದು ಕೊಳ್ಳಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಮೊದಲ ಎರಡು ಮಾತು ನಿಜ. ಮೂರನೆಯದು ಆ ಎರಡರಿಂದ ಹುಟ್ಟುವ ಮಾತೇ ಅಲ್ಲ. ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ ಅಂತ ಕೇಳಿಕೊಳ್ಳುತ್ತೇನೆ.

ನಿಮ್ಮಂಥವರ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ವಿಂಡೋಸ್ ಕೂಡ ಹಾಕಿಕೊಡುತ್ತೇನೆ, ವಿಂಡೋಸಿನ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಕೂಡ ಹಾಕಿಕೊಡುತ್ತೇನೆ. ಲಿನಕ್ಸಿಗೆ ಹೋಗಿ ಅಂತ ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಹೇಳುವವರು ಕಡಿಮೆ. ನನ್ನ ಅರಿಕೆ ಇಷ್ಟೇ: ಬದಲಾಗಿ, ಆದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಮ್ಮನ್ನು (ಓಎಸ್) ಕೊನೆಗೆ ಬದಲಿಸಿ. ಅದಕ್ಕಿಂತ ಮುಂಚೆ ಫೈಲುಗಳು, ಬ್ರೌಸರ್, ಇಮೇಲ್ ಬದಲಾಗಲಿ.

ಮೊದಲು ಬೆಂಬಲ ಮುಗಿಯುವುದು ಅಂದರೆ ಏನು ಅಂತ ನೋಡೋಣ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಮಾರನೆಯ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ನಿಂತದ್ದು ಭದ್ರತೆಯ ಅಪ್‌ಡೇಟುಗಳು ಮಾತ್ರ. ಆದರೆ ಅದೇನು ಸಣ್ಣ ವಿಷಯ ಅಲ್ಲ. ಹೊಸದಾಗಿ ಒಂದು ದೋಷ ಸಿಕ್ಕಿದರೆ ಅದನ್ನು ಮುಚ್ಚುವವರು ಇರುವುದಿಲ್ಲ. ಜನರ ಮಾಹಿತಿ ಇಟ್ಟುಕೊಂಡ ಕಚೇರಿ ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಸಿಕ್ಕಿಸಿಕೊಂಡು ಕೂರುವುದು ಸರಿಯಲ್ಲ. ಹಣ ಕೊಟ್ಟು ಅಪ್‌ಡೇಟುಗಳನ್ನು ಮುಂದುವರಿಸುವ ದಾರಿಯೂ ಇದೆ. ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷ, ದರ ಪ್ರತಿ ವರ್ಷ ಎರಡು ಪಟ್ಟಾಗುತ್ತದೆ. ಶಾಲೆಗಳಿಗೆ ನಾಮಮಾತ್ರದ ದರ ಇದೆ. ಅಂದರೆ ಶಾಲೆಗಳಿಗೆ ಅವಸರವೇ ಇಲ್ಲ. ಆ ಸಮಯವನ್ನು ಕೊಂಡುಕೊಳ್ಳಿ, ಸುಮ್ನೆ ಕಳೆಯಬೇಡಿ.

ಇನ್ನು ವಿಂಡೋಸ್ 11 ಯಾಕೆ ಹತ್ತುವುದಿಲ್ಲ? ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಹೊಸದೋ ಇರಬೇಕು. ಸುಮಾರಾಗಿ 2018ಕ್ಕಿಂತ ಹಿಂದಿನ ಯಂತ್ರಗಳು ಹೊರಗುಳಿಯುತ್ತವೆ. ಇದನ್ನು ಪಿತೂರಿ ಅಂತ ನಾನು ಹೇಳುವುದಿಲ್ಲ. ಡಿಸ್ಕಿನ ಗುಪ್ತಲಿಪಿಯ ಕೀಲಿಯನ್ನು ಕಾಪಾಡಲು ಆ ಚಿಪ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಆದರೆ 2016ರಲ್ಲಿ ಕೊಂಡ, ಎಂಟು ಜಿಬಿ ಮೆಮೊರಿಯ ಒಂದು ಗಟ್ಟಿ ಯಂತ್ರ ಪತ್ರ ಬರೆಯಲು, ಲೆಕ್ಕ ಇಡಲು, ವೆಬ್ ಪುಟ ತೆರೆಯಲು ಅಯೋಗ್ಯ ಆಗಿಬಿಟ್ಟಿತು ಅಂತ ಒಪ್ಪಿಕೊಳ್ಳುವುದು ಕಷ್ಟ. ಯಂತ್ರ ಕೆಟ್ಟಿಲ್ಲ. ಅದಕ್ಕೆ ಅಪ್‌ಡೇಟ್ ಕೊಡುವವರು ಬೇಕು, ಅಷ್ಟೇ.

ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಇಂಥ ಲಿನಕ್ಸಿನ ಬಗೆಗಳು ಅಪ್‌ಡೇಟ್ ಕೊಡುತ್ತವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದಕ್ಕೆ ಐದು ವರ್ಷ ಅಪ್‌ಡೇಟ್ ಉಚಿತ. ಮಿಂಟ್ ಇದರ ಮೇಲೆಯೇ ಕಟ್ಟಿದ್ದು. ಇವುಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಚರ್ಚೆ ಶುರುವಾದರೆ ದಯವಿಟ್ಟು ಸಭೆ ಮುಗಿಸಿ ಎದ್ದುಬಿಡಿ. ಯಾವ ಲಿನಕ್ಸ್ ಒಳ್ಳೆಯದು ಅನ್ನುವ ಚರ್ಚೆ 1990ರ ದಶಕದಿಂದ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ನಿಮ್ಮ ಸಿಬ್ಬಂದಿಯಲ್ಲಿ ಯಾರಿಗಾದರೂ ಒಂದು ಗೊತ್ತಿದ್ದರೆ ಅದೇ ಇರಲಿ.

ಹಳೆಯ ಯಂತ್ರ ಲಿನಕ್ಸ್ ಹಾಕಿದ ಕೂಡಲೇ ಹೊಸದಾಗಿಬಿಡುತ್ತದೆ ಅನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ನಿಧಾನ ಅನ್ನಿಸುವುದರಲ್ಲಿ ದೊಡ್ಡ ಪಾಲು ತಿರುಗುವ ಹಾರ್ಡ್ ಡಿಸ್ಕಿನದು. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿದರೆ ಯಾವ ಓಎಸ್ ಇದ್ದರೂ ಚುರುಕಾಗುತ್ತದೆ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ನಾಲ್ಕು ಜಿಬಿ ಮೆಮೊರಿ ಲಿನಕ್ಸಿನಲ್ಲೂ ತುಂಬಿಹೋಗುತ್ತದೆ. ಹೊಸ ಕಂಪ್ಯೂಟರಿಗೆ ಇಡುವ ದುಡ್ಡಿನ ಒಂದು ಸಣ್ಣ ಭಾಗವನ್ನು ಹಳೆಯ ಯಂತ್ರದ ಡಿಸ್ಕು, ಮೆಮೊರಿಗೆ ಹಾಕಿ. ಆಮೇಲೆ ನೋಡಿ.

ಲಿನಕ್ಸ್ ಪರವಾಗಿ ವಾದ ಮಾಡುವವರು ಯಾವಾಗಲೂ ಹೇಳುವ ಮಾತೊಂದಿದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಲಿನಕ್ಸಿನ ತಿರುಳಾದ ಕರ್ನೆಲ್. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನವೇ. ಎಲ್ಲ ನಿಜ. ಆದರೆ ಪ್ರಿಂಟರಿನಿಂದ ಹಾಳೆ ಹೊರಗೆ ಬರದೆ ಪೇಚಾಡುತ್ತಿರುವ ಗುಮಾಸ್ತರಿಗೆ ಸೂಪರ್ ಕಂಪ್ಯೂಟರಿನ ಕಥೆ ಕಟ್ಟಿಕೊಂಡು ಏನಾಗಬೇಕು? ಅವರ ಮೇಜಿನ ಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ. ಅಲ್ಲಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ.

ಗೆದ್ದವರಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ಫ್ರಾನ್ಸಿನ ಜಾಂದಾರ್ಮರಿ. ಅದು ಅಲ್ಲಿನ ಒಂದು ರಾಷ್ಟ್ರೀಯ ಪೊಲೀಸ್ ಪಡೆ. ಅವರು 2005ರಲ್ಲಿ ವಿಂಡೋಸನ್ನು ಮುಟ್ಟಲೇ ಇಲ್ಲ. ಮೈಕ್ರೋಸಾಫ್ಟ್ ಆಫೀಸ್ ತೆಗೆದು ಓಪನ್‌ಆಫೀಸ್ ಹಾಕಿದರು, ಅಷ್ಟೇ. ಮರುವರ್ಷ ಬ್ರೌಸರ್ ಬದಲಾಗಿ ಫೈರ್‌ಫಾಕ್ಸ್ ಬಂತು, ಇಮೇಲಿಗೆ ಥಂಡರ್‌ಬರ್ಡ್ ಬಂತು. ಈ ಮೂರೂ ವಿಂಡೋಸಿನ ಮೇಲೂ ಓಡುತ್ತವೆ, ಲಿನಕ್ಸಿನ ಮೇಲೂ ಓಡುತ್ತವೆ. ಜನ ಅವಕ್ಕೆ ಒಗ್ಗಿಕೊಂಡರು. 2008ರಿಂದ ಉಬುಂಟು ಬರತೊಡಗಿದಾಗ ಸಿಬ್ಬಂದಿಗೆ ಕಂಡದ್ದು ಅವೇ ಪರಿಚಯದ ಕಿಟಕಿಗಳು. ಅಡಿಯ ನೆಲ ಬದಲಾಗಿತ್ತು, ಮೇಲಿನ ಕುರ್ಚಿ ಮೇಜು ಇದ್ದಲ್ಲೇ ಇದ್ದವು. 2024ರ ಹೊತ್ತಿಗೆ ಒಂದು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳು, ಅಂದರೆ ಅವರಲ್ಲಿರುವುದರ ಶೇಕಡಾ 97ರಷ್ಟು, ಉಬುಂಟುವನ್ನು ತಮಗೆ ತಕ್ಕಂತೆ ಮಾಡಿಕೊಂಡ ಆವೃತ್ತಿಯ ಮೇಲೆ ಓಡುತ್ತಿದ್ದವು. ಪೊಲೀಸ್ ಕೆಲಸ ನಿಂತಿಲ್ಲ.

ಇನ್ನೊಂದು ಕಡೆ ಜರ್ಮನಿಯ ಮ್ಯೂನಿಕ್ ನಗರ. 2003ರಲ್ಲಿ ಅಲ್ಲಿನ ನಗರಸಭೆ ಲಿನಕ್ಸಿಗೆ ಹೋಗಲು ತೀರ್ಮಾನಿಸಿದಾಗ ಅದು ದೊಡ್ಡ ಸುದ್ದಿ. ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಮೇಯರ್ ಅವರನ್ನು ಕಂಡು ಮಾತಾಡಲು ಹೋಗಿದ್ದರು. ನಗರ ಬಗ್ಗಲಿಲ್ಲ. ಲಿಮಕ್ಸ್ ಅಂತ ತನ್ನದೇ ಹೆಸರಿನ ಲಿನಕ್ಸ್ ಮಾಡಿಕೊಂಡಿತು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಆಮೇಲೆ ಮೇಯರ್ ಬದಲಾದರು. 2017ರಲ್ಲಿ ನಗರಸಭೆ ವಿಂಡೋಸಿಗೆ ವಾಪಸ್ ಹೋಗುವ ನಿರ್ಣಯ ಮಾಡಿತು.

ಲಿನಕ್ಸ್ ಕೆಲಸಕ್ಕೆ ಬರುವುದಿಲ್ಲ ಅನ್ನಲು ಎಲ್ಲರೂ ಮ್ಯೂನಿಕ್ ಕಡೆ ಬೆರಳು ತೋರಿಸುತ್ತಾರೆ. ಆದರೆ ನಗರವೇ ನೇಮಿಸಿದ ಸಲಹೆಗಾರರು ಹೇಳಿದ್ದು ಬೇರೆ. ದೊಡ್ಡ ತೊಂದರೆ ಇದ್ದದ್ದು ಆಡಳಿತದ ವ್ಯವಸ್ಥೆಯಲ್ಲಿ. ಐಟಿ ಕೆಲಸ ಹತ್ತಾರು ಇಲಾಖೆಗಳಲ್ಲಿ ಹಂಚಿಹೋಗಿತ್ತು. ನನ್ನ ಅನಿಸಿಕೆ ಹೇಳುವುದಾದರೆ, ತೀರ್ಮಾನ ಒಬ್ಬ ಮೇಯರ್ ಇಷ್ಟದ ಮೇಲೆ ನಿಂತಿದ್ದರೆ ಇನ್ನೊಬ್ಬ ಮೇಯರ್ ಇಷ್ಟದ ಮೇಲೆ ಬಿದ್ದೂ ಹೋಗುತ್ತದೆ. ಮತ್ತೊಂದು ಮಾತು. ನಗರಕ್ಕೊಂದು, ಇಲಾಖೆಗೊಂದು ಸ್ವಂತ ಓಎಸ್ ಬೇಡ. ಹಿನ್ನೆಲೆ ಚಿತ್ರ ಬದಲಿಸಿ, ಲಾಂಛನ ಅಂಟಿಸಿ, ಹೆಸರಿಟ್ಟು ಉದ್ಘಾಟನೆ ಮಾಡುವುದು ಸುಲಭ. ಐದು ವರ್ಷ ಆದ ಮೇಲೆ ಅದಕ್ಕೆ ಅಪ್‌ಡೇಟ್ ಕೊಡುವವರು ಯಾರು? ಜಾಂದಾರ್ಮರಿ ಅದನ್ನು ನಿಭಾಯಿಸಿತು, ಯಾಕೆಂದರೆ ಅದಕ್ಕೇ ಅಂತ ಜನ ಇಟ್ಟುಕೊಂಡಿತ್ತು. ನೀವು ಇಟ್ಟುಕೊಳ್ಳುತ್ತೀರಾ?

ಈಗ ಜರ್ಮನಿಯದೇ ಒಂದು ರಾಜ್ಯ, ಶ್ಲೆಸ್ವಿಗ್-ಹೋಲ್‌ಸ್ಟೈನ್, ಇದೇ ದಾರಿ ಹಿಡಿದಿದೆ. ಸುಮಾರು 30,000 ಕಂಪ್ಯೂಟರುಗಳನ್ನು ಬದಲಿಸುತ್ತೇವೆ ಅಂತ 2024ರಲ್ಲಿ ಘೋಷಿಸಿತು. ಶುರು ಮಾಡಿದ್ದು ಎಲ್ಲಿಂದ? ಮೈಕ್ರೋಸಾಫ್ಟ್ ಆಫೀಸಿನ ಜಾಗದಲ್ಲಿ ಬಳಸುವ ಉಚಿತ ತಂತ್ರಾಂಶ ಲಿಬ್ರೆಆಫೀಸಿನಿಂದ. 2025ರಲ್ಲಿ ಇಮೇಲ್ ಬದಲಾಯಿತು. ಎಲ್ಲರ ಮೇಜಿಗೂ ಲಿನಕ್ಸ್ ಬರುವುದು ಇವೆಲ್ಲ ಆದ ಮೇಲೆ.

ಯಾಕೆ ಈ ಕ್ರಮ? ಕಚೇರಿಯನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ, ಫೈಲುಗಳು. ಅಲ್ಲಿ ಏನೇನು ಸಿಕ್ಕಿಕೊಳ್ಳುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಯೋಜನೆಗಳು ಕುಸಿಯುವುದು ಇಲ್ಲೇ.

ವರ್ಡ್‌ನಲ್ಲಿ ಮಾಡಿದ ಪತ್ರವನ್ನು ಲಿಬ್ರೆಆಫೀಸಿನಲ್ಲಿ ತೆರೆದರೆ ಎರಡನೆಯ ಪುಟದ ಸಾಲು ಮೂರನೆಯದಕ್ಕೆ ಜಾರಿರುತ್ತದೆ. ಕೂಡಲೇ "ನೋಡಿ, ಇದು ಸರಿ ಇಲ್ಲ" ಅನ್ನುತ್ತಾರೆ. ಎಷ್ಟೋ ಸಲ ಕಾರಣ ಫಾಂಟ್. ಕ್ಯಾಲಿಬ್ರಿ, ಕ್ಯಾಂಬ್ರಿಯಾ ಮೈಕ್ರೋಸಾಫ್ಟ್ ಜೊತೆ ಬರುವ ಫಾಂಟುಗಳು, ಲಿನಕ್ಸಿನಲ್ಲಿ ಇರುವುದಿಲ್ಲ. ಅಕ್ಷರದ ಅಗಲ ಸರಿಯಾಗಿ ಅಷ್ಟೇ ಇರುವ ಕಾರ್ಲಿಟೊ, ಕಲೇಡಿಯಾ ಅನ್ನುವ ಮುಕ್ತ ಫಾಂಟುಗಳಿವೆ. ಅವನ್ನು ಹಾಕಿದರೆ ಸಾಲುಗಳು ಬಹುಮಟ್ಟಿಗೆ ತಮ್ಮ ಜಾಗಕ್ಕೆ ಬರುತ್ತವೆ. ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲದೆ ಎಷ್ಟೋ ಕಚೇರಿಗಳು ಮೊದಲ ವಾರದಲ್ಲೇ ಕೈಬಿಡುತ್ತವೆ. ಹೊಸ ಪತ್ರಗಳನ್ನು ಓಡಿಎಫ್ ಅನ್ನುವ ಮುಕ್ತ ಫೈಲ್ ರೂಪದಲ್ಲಿ ಉಳಿಸಿ. ಅದು 2006ರಿಂದ ಐಎಸ್‌ಒ ಮಾನದಂಡ, ಮೈಕ್ರೋಸಾಫ್ಟ್ ಆಫೀಸ್ ಕೂಡ ಅದನ್ನು ತೆರೆಯುತ್ತದೆ. ಓದಲು ಮಾತ್ರ ಕಳಿಸುವ ಪತ್ರವಾದರೆ ಪಿಡಿಎಫ್ ಸಾಕಲ್ವಾ?

ಫಾಂಟ್ ಸುಲಭ. ಎಕ್ಸೆಲ್ ಮ್ಯಾಕ್ರೊ, ಅಂದರೆ ಫೈಲಿನೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂ, ಕಷ್ಟ. ಪ್ರತಿಯೊಂದು ಕಚೇರಿಯಲ್ಲೂ ಒಂದು ಎಕ್ಸೆಲ್ ಫೈಲು ಇರುತ್ತದೆ. ಯಾರೋ ಜಾಣರು ಬರೆದದ್ದು, ಅವರು ನಿವೃತ್ತರಾಗಿಯೋ ವರ್ಗವಾಗಿಯೋ ಹೋಗಿರುತ್ತಾರೆ. ಒಂದು ಗುಂಡಿ ಒತ್ತಿದರೆ ತಿಂಗಳ ಪೂರ್ತಿ ವರದಿ ಬರುತ್ತದೆ. ಒಳಗೆ ಏನಿದೆ ಅಂತ ಈಗ ಇರುವವರಿಗೆ ಗೊತ್ತಿರುವುದಿಲ್ಲ. ಲಿಬ್ರೆಆಫೀಸ್ ಅಂಥ ಮ್ಯಾಕ್ರೊಗಳನ್ನು ಅಷ್ಟಿಷ್ಟು ಓಡಿಸುತ್ತದೆ, ಎಲ್ಲವನ್ನೂ ಅಲ್ಲ. ಮೈಕ್ರೋಸಾಫ್ಟ್‌ನ ಆಕ್ಸೆಸ್ ಡೇಟಾಬೇಸ್ ಇದ್ದರಂತೂ ಇನ್ನೂ ಕಷ್ಟ, ಅದನ್ನು ಬೇರೆಯಾಗಿಯೇ ಕಟ್ಟಬೇಕಾಗುತ್ತದೆ. ಆದ್ದರಿಂದ ಮೊದಲ ಕೆಲಸ ಎಣಿಕೆ. ಮ್ಯಾಕ್ರೊ ಇರುವ ಫೈಲುಗಳು ಎಷ್ಟು, ನಿಜವಾಗಿ ದಿನವೂ ಬಳಸುವುದು ಯಾವುದು ಅಂತ ಪಟ್ಟಿ ಮಾಡಿಸಿ. ಪಟ್ಟಿ ಹೆದರಿದಷ್ಟು ಉದ್ದ ಇರುವುದಿಲ್ಲ ಅನ್ನುವುದು ನಾನು ಕಂಡ ಸಂಗತಿ. ಹಾಗಂತ ಪಟ್ಟಿ ಮಾಡದೆ ಹೊರಡಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗಂಟು ಇದೆ. ಎಲ್ಲ ಯಂತ್ರಗಳಲ್ಲೂ ಅಕ್ಷರಗಳಿಗೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆ ಹರಡುವುದಕ್ಕೆ ಮುಂಚಿನ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಫೈಲುಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಇದು ಲಿನಕ್ಸಿನ ತಪ್ಪಲ್ಲ. ವಿಂಡೋಸಿನಲ್ಲೇ ಉಳಿದರೂ ಒಂದು ದಿನ ಆ ಫೈಲುಗಳು ಓದಲಾಗದ ಸ್ಥಿತಿಗೆ ಬರುತ್ತವೆ, ಒಳಗಿನ ಪದಗಳನ್ನು ಹುಡುಕಿದರೆ ಸಿಗುವುದೂ ಇಲ್ಲ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಇದೇ ಹೊತ್ತಿಗೆ ಮುಗಿಸಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಯಾರಾದರೂ ಕಣ್ಣಿಟ್ಟು ಓದಿ ನೋಡಬೇಕು, ಪರಿವರ್ತಕಗಳು ಅಲ್ಲಿ ಎಡವುತ್ತವೆ. ಟೈಪಿಂಗ್ ಬಗ್ಗೆ ಚಿಂತೆ ಬೇಡ. ಕಗಪ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಇವೆ. ಗುಬ್ಬಿ, ನವಿಲು, ಲೋಹಿತ್, ನೋಟೊ ಅಂತ ಉಚಿತ ಕನ್ನಡ ಫಾಂಟುಗಳೂ ಸಿಗುತ್ತವೆ.

ಯಾವುದನ್ನು ಮುಟ್ಟಬಾರದು ಅಂತ ಹೇಳುತ್ತೇನೆ ಅಂದಿದ್ದೆ. ಆಟೋಕ್ಯಾಡ್ ಬಳಸುವ ಎಂಜಿನಿಯರನ್ನು, ಫೋಟೋಶಾಪ್ ಮೇಲೆ ಬದುಕುವ ವಿನ್ಯಾಸಕಾರರನ್ನು ಅವರ ಪಾಡಿಗೆ ಬಿಡಿ. ಲಿನಕ್ಸಿನಲ್ಲಿ ಚಿತ್ರ ತಿದ್ದಲು ಬಳಸುವ ಗಿಂಪ್ ಒಳ್ಳೆಯ ಸಾಫ್ಟ್‌ವೇರ್, ಆದರೆ ಫೋಟೋಶಾಪಿನಲ್ಲಿ ಕೈ ಪಳಗಿದವರಿಗೆ ಎರಡೂ ಒಂದೇ ಅಂತ ಹೇಳಲು ಹೋದರೆ ಅವರು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ಯಂತ್ರ, ವಿಂಡೋಸಿಗೆಂದೇ ಬರೆದ ಲೆಕ್ಕಪತ್ರದ ಸಾಫ್ಟ್‌ವೇರ್ ಇರುವ ಮೇಜುಗಳು ಕೂಡ ಹಾಗೇ. ವೈನ್ ಅನ್ನುವ ಸಾಧನದಿಂದ ಕೆಲವು ವಿಂಡೋಸ್ ಪ್ರೋಗ್ರಾಂಗಳು ಲಿನಕ್ಸಿನಲ್ಲಿ ಓಡುತ್ತವೆ. ಮನೆಯಲ್ಲಿ ಪ್ರಯೋಗ ಮಾಡಲು ಚೆನ್ನ, ಸಂಬಳದ ಪಟ್ಟಿ ಅದರ ಮೇಲೆ ನಿಲ್ಲಬಾರದು. ಇಂಥ ಮೇಜುಗಳಿಗೆ ವಿಂಡೋಸ್ 11 ಇರುವ ಹೊಸ ಯಂತ್ರ ಕೊಡಿ, ತಪ್ಪೇನಿಲ್ಲ. ನೂರಕ್ಕೆ ನೂರು ಬದಲಾಗಲೇಬೇಕು ಅನ್ನುವ ಹಟದಿಂದ ಯೋಜನೆಗಳು ಸಾಯುತ್ತವೆ. ಜಾಂದಾರ್ಮರಿ ಕೂಡ ಮೂರರಷ್ಟು ಬಿಟ್ಟಿದೆಯಲ್ವಾ.

ಪ್ರಿಂಟರ್, ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆನ್ ಡ್ರೈವಿನಲ್ಲಿ ಲಿನಕ್ಸ್ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅರ್ಧ ದಿನ ಬಳಸಿ ನೋಡಬಹುದು. ನೆಟ್‌ವರ್ಕ್ ಪ್ರಿಂಟರುಗಳು ಬಹುತೇಕ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ತೊಂದರೆ ಕೊಡುವುದು ಅಗ್ಗದ ಕೆಲವು ಲೇಸರ್ ಪ್ರಿಂಟರುಗಳು, ಕೆಲವು ಸ್ಕ್ಯಾನರುಗಳು, ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್‌ಗಳು. ಪ್ರತಿ ಮಾದರಿಯ ಯಂತ್ರದಲ್ಲೂ ಒಮ್ಮೆ ಹೀಗೆ ನೋಡಿದರೆ ಸಾಕು. ಇನ್‌ಸ್ಟಾಲ್ ಮಾಡುವವರಿಗೆ ಎರಡು ಮಾತು ಮರೆಯದೆ ಹೇಳಿ. ಬ್ಯಾಕಪ್ ತೆಗೆದುಕೊಳ್ಳದೆ ಯಾವ ಡಿಸ್ಕನ್ನೂ ಮುಟ್ಟಬಾರದು. ಡಿಸ್ಕನ್ನು ಗುಪ್ತಲಿಪಿಯಲ್ಲಿಡುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅದು ಇಲ್ಲದಿದ್ದರೆ ಹಳೆಯ ಫೈಲುಗಳು ಯಾರ ಕೈಗೂ ಸಿಗದೆ ಹೋಗಬಹುದು.

ಇನ್ನು ಜನ. ಹಿರಿಯ ಸಿಬ್ಬಂದಿ ಒಪ್ಪುವುದಿಲ್ಲ ಅಂತ ಎಲ್ಲರೂ ಹೆದರುತ್ತಾರೆ. ನಾನು ಕಂಡ ಮಟ್ಟಿಗೆ ಅವರು ಬೇಗ ಒಗ್ಗುತ್ತಾರೆ. ಅವರಿಗೆ ಬೇಕಾದದ್ದು ಬ್ರೌಸರ್ ಎಲ್ಲಿದೆ, ತಮ್ಮ ಫೋಲ್ಡರ್ ಎಲ್ಲಿದೆ, ಪ್ರಿಂಟ್ ಹೇಗೆ, ಅಷ್ಟೇ. ಜಗಳ ಆಡುವವರು ಎಕ್ಸೆಲ್‌ನ ಒಂದೊಂದು ಶಾರ್ಟ್‌ಕಟ್ಟೂ ಬಾಯಿಪಾಠ ಇರುವ ಚುರುಕಿನವರು. ಅವರ ಕೋಪಕ್ಕೆ ಅರ್ಥ ಇದೆ. ವರ್ಷಗಟ್ಟಲೆ ಕಲಿತದ್ದನ್ನು ಕೈಯಿಂದ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ಅವರನ್ನು ಮೊದಲೇ ಕರೆದು ಕೂರಿಸಿಕೊಳ್ಳಿ. ಮ್ಯಾಕ್ರೊ ಪಟ್ಟಿ ಮಾಡಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ದುಡ್ಡು ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಹೊರಟಿದ್ದರೆ ನಿಲ್ಲಿ. ಲೈಸೆನ್ಸಿಗೆ ದುಡ್ಡಿಲ್ಲ, ನಿಜ. ತರಬೇತಿಗೆ, ನೋಡಿಕೊಳ್ಳುವವರಿಗೆ, ಫೈಲು ಪರಿವರ್ತನೆಗೆ ದುಡ್ಡು ಬೇಕು. ಅದನ್ನೂ ಉಳಿಸಲು ಹೋದರೆ ಎರಡು ವರ್ಷದಲ್ಲಿ ವಾಪಸ್ ಬರುತ್ತೀರಿ. ಒಂದು ವ್ಯತ್ಯಾಸ ಮಾತ್ರ ಇದೆ. ಲೈಸೆನ್ಸಿಗೆ ಕೊಟ್ಟ ದುಡ್ಡು ಹೋಯಿತು, ಅವಧಿ ಮುಗಿದ ಮೇಲೆ ಮತ್ತೆ ಕೊಡಬೇಕು. ಜನರಿಗೆ ಕಲಿಸಲು ಹಾಕಿದ್ದು ನಿಮ್ಮ ಕಚೇರಿಯಲ್ಲೇ ಉಳಿಯುತ್ತದೆ.

ಲಿನಕ್ಸಿನ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಎಲ್ಲರಿಗೂ ಕಾಣುವುದರಿಂದ ಭದ್ರತೆ ತಾನಾಗಿ ಬಂದುಬಿಡುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಅನ್ನುವ, ಲಿನಕ್ಸಿನಲ್ಲಿ ಎಲ್ಲೆಲ್ಲೂ ಬಳಸುವ ಸಣ್ಣ ಸಾಧನದೊಳಗೆ ಹೊರಗಿನವರು ಕದ್ದು ಒಳಗೆ ಬರಲು ಇಟ್ಟ ಒಂದು ಹಿಂಬಾಗಿಲು ಸಿಕ್ಕಿತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. ಸಹಾಯ ಮಾಡುವ ನೆಪದಲ್ಲಿ ಯಾರೋ ಬಂದು, ವರ್ಷಗಟ್ಟಲೆ ನಂಬಿಕೆ ಗಳಿಸಿ, ಅದನ್ನು ಸೇರಿಸಿದ್ದರು. ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಅನುಮಾನ ಬಂದು ಬಗೆದು ನೋಡಿದರು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ! ಬಗೆದು ನೋಡಲು ಕೋಡ್ ಕೈಗೆ ಸಿಕ್ಕಿತು ಅನ್ನುವುದು ಮುಕ್ತ ತಂತ್ರಾಂಶದ ಹೆಚ್ಚುಗಾರಿಕೆ. ನೋಡಿಕೊಳ್ಳುವವರಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ ಅನ್ನುವುದು ಅದನ್ನು ಬಿಟ್ಟಿಯಾಗಿ ಬಳಸುವ ನಮ್ಮೆಲ್ಲರ ಬಾಕಿ. ಲೈಸೆನ್ಸಿನಿಂದ ಉಳಿದದ್ದರಲ್ಲಿ ಒಂದು ಪಾಲನ್ನು ನೀವು ಬಳಸುವ ತಂತ್ರಾಂಶ ಬರೆಯುವವರಿಗೆ ಕೊಡಲು ನಿಯಮದಲ್ಲಿ ಜಾಗ ಮಾಡಿ.

ಹಾಗಾದರೆ ಈಗ ಏನು ಮಾಡಬೇಕು? ವಿಲೇವಾರಿ ಪಟ್ಟಿಯಿಂದ ಒಂದು ವಿಭಾಗಕ್ಕೆ ಸಾಕಾಗುವಷ್ಟು ಯಂತ್ರಗಳನ್ನು ಪಕ್ಕಕ್ಕೆ ತೆಗೆಸಿ. ಮಿಕ್ಕ ಎಲ್ಲ ಮೇಜುಗಳಲ್ಲಿ, ವಿಂಡೋಸ್ ಇರುವ ಹಾಗೆಯೇ, ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಹಾಕಿಸಿ. ಹಳೆಯದನ್ನು ತೆಗೆಯಬೇಡಿ, ಎರಡೂ ಇರಲಿ. ಪಕ್ಕಕ್ಕಿಟ್ಟ ಯಂತ್ರಗಳಿಗೆ ಎಸ್‌ಎಸ್‌ಡಿ, ಲಿನಕ್ಸ್ ಹಾಕಿ ಒಪ್ಪುವ ವಿಭಾಗಕ್ಕೆ ಕೊಡಿ. ಆರು ತಿಂಗಳು ಅವರ ದೂರುಗಳನ್ನು ಬರೆದಿಡಿಸಿ. ಆ ದೂರುಗಳ ಪಟ್ಟಿಯೇ ನಿಮ್ಮ ಮುಂದಿನ ಯೋಜನೆ.

ಅಷ್ಟರಲ್ಲಿ ಬರುವ ಪ್ರತಿ ಟೆಂಡರಿನಲ್ಲಿ ಮೂರು ಸಾಲು ಸೇರಿಸಿ. ನಮಗೆ ಮಾಡಿಕೊಡುವ ವೆಬ್ ಸೇವೆ ಯಾವ ಓಎಸ್‌ನಲ್ಲಾದರೂ ಫೈರ್‌ಫಾಕ್ಸಿನಲ್ಲಿ ತೆರೆಯಬೇಕು. ನಮ್ಮ ಮಾಹಿತಿಯನ್ನು ಮುಕ್ತ ರೂಪದಲ್ಲಿ ಪೂರ್ತಿಯಾಗಿ ಹೊರಗೆ ತೆಗೆದುಕೊಳ್ಳಲು ಬರಬೇಕು. ಪ್ರಿಂಟರ್, ಸ್ಕ್ಯಾನರ್, ಟೋಕನ್ ಯಾವುದೇ ಇರಲಿ, ಲಿನಕ್ಸಿನಲ್ಲೂ ನಡೆಯುತ್ತದೆ ಅಂತ ಮಾರುವವರು ಬರೆದುಕೊಡಬೇಕು. ನೀವು ಲಿನಕ್ಸಿಗೆ ಹೋಗದಿದ್ದರೂ ಈ ಸಾಲುಗಳಿಂದ ನಷ್ಟವಿಲ್ಲ. ಪೂರೈಕೆದಾರರು ತಕರಾರು ಮಾಡಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಡತಕ್ಕೆ ಸೇರಿಸಿ.

ಇತಿ,
ನಿಮ್ಮ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರಲ್ಲಿ ಒಬ್ಬ